ಎಲ್ಲಕ್ಕಿಂತ ಹಗುರವಾದ ಕೋವಿ

ಕೊಡಗಿನ ಒಂದು ಬೆಟ್ಟದ ಓರೆಯಲ್ಲಿ ದೇಚವ್ವನೆಂಬ ತಾಯಿಯಿದ್ದಳು. ಆಕೆಗೆ ಮೊಣ್ಣಪ್ಪನೆಂಬ ಒಬ್ಬನೇ ಮಗನಿದ್ದನು. ಹೇಳಿದ್ದನ್ನು ಮಾಡದ ಮಕ್ಕಳಿಗಾಗಿ ತಾಯಂದಿರು ಕಣ್ಣೀರಿಡುವುದು ಲೋಕರೂಢಿ. ದೇಚವ್ವನ ಕಣ್ಣೀರಿನ ಕಾರಣವೇ ಬೇರೆ. ಆಕೆಯ ಮಗ ಹೇಳಿದ್ದನ್ನೆಲ್ಲ ಮಾಡುತ್ತಿದ್ದನು. ಹೇಳಿದಂತೆಯೇ, ಕೂಡಿಸದೆ ಕಳೆಯದೆ ಮಾಡುತ್ತಿದ್ದನು. “ಹಾಲು ಉಕ್ಕೀತು, ನೋಡುತ್ತಿರು” ಎಂದರೆ, ಹಾಲು ಉಕ್ಕಿ ಹರಿದು ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದನು. ಮೀಸೆ ದಟ್ಟವಾಗಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ದೇಚವ್ವನ ಗಂಡ ಉತ್ತಯ್ಯ ಆ ಮನೆತನಕ್ಕೆ ಹಿರಿಯ. ಕೈಲುಮುಹೂರ್ತದ ಹಬ್ಬ ಹತ್ತಿರವಾದಾಗ ಆ ಸೀಮೆಯವರು ತಮ್ಮ ಕೋವಿಗಳನ್ನೆಲ್ಲ ಒರೆಸಿ ದೇವರ ದೀಪದ ಮುಂದೆ ಇರಿಸುವರು. ಹಬ್ಬದ ದಿನ ಪೂಜೆ ಮುಗಿದ ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವರು. ಮೊದಲ ಗುಂಡು ಹಿರಿಯನದು. ಅದು ಹಾರುವ ತನಕ ಬೇರೆ ಯಾರೂ ಕೋವಿ ಮುಟ್ಟುವಂತಿಲ್ಲ. ಒಂದು ಕಾಲಕ್ಕೆ ಓಡುವ ಹಂದಿಯನ್ನು ಕೆಡಹಿದ್ದ ಉತ್ತಯ್ಯನ ತೋಳು ಕಳೆದ ಹಬ್ಬದಲ್ಲಿ ಹಳೆಯ ಕೋವಿಯ ಭಾರಕ್ಕೆ ನಡುಗಿತು. ಗುಂಡು ತೆಂಗಿನಕಾಯನ್ನು ಬಿಟ್ಟು ಹಸುವಿನ ಕೊಟ್ಟಿಗೆಯ ಹೆಂಚು ಒಡೆಯಿತು. ದಾಯಾದಿ ತಮ್ಮ ಕರುಂಬಯ್ಯ ಎಲ್ಲರೂ ಕೇಳುವಂತೆ ನಕ್ಕನು.

“ಅಣ್ಣಾ, ಮುಂದಿನ ವರ್ಷ ಕೋವಿ ಬೇಡ, ಊರುಗೋಲು ತನ್ನಿ! ಮೊದಲ ಗುಂಡು ನಾನು ಹೊಡೆಯುತ್ತೇನೆ!”

ಅಂದಿನಿಂದ ಉತ್ತಯ್ಯ ಕೋವಿಯ ಕಡೆ ತಿರುಗಿಯೂ ನೋಡಲಿಲ್ಲ. ಹಬ್ಬ ಬರುತ್ತಿದ್ದಂತೆ, “ಈ ವರ್ಷ ಕರುಂಬಯ್ಯನೇ ಹೊಡೆಯಲಿ” ಎಂದು ಗೋಡೆಯ ಕಡೆ ಮುಖಮಾಡಿ ಮಲಗಿದನು. ಅದನ್ನು ಕಂಡು ಸಹಿಸಲಾರದೆ ದೇಚವ್ವ ಮಗನನ್ನು ಹಿತ್ತಲಿಗೆ ಕರೆದಳು. ಆಕೆಯ ಮೊಣಕಾಲು ಊದಿಕೊಂಡಿತ್ತು. ಪೇಟೆಗೆ ಹೋಗಲು ಮನೆಯಲ್ಲಿ ಬೇರೆ ಗತಿಯಿರಲಿಲ್ಲ.

“ಕೇಳು ಮೊಣ್ಣಾ. ನಿನ್ನಪ್ಪನಿಗೆ ನಾವೊಂದು ಬೇಟೆಕೋವಿ ಉಡುಗೊರೆ ಕೊಡಬೇಕು. ಪೇಟೆಯ ಮಮ್ಮದ್ ಸಾಹೇಬರ ಕೋವಿ ಅಂಗಡಿಗೆ ಹೋಗು. ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡು. ಎಲ್ಲಕ್ಕಿಂತ ಹಗುರವಾದದ್ದನ್ನು ತಾ!”

“ಎಲ್ಲಕ್ಕಿಂತ ಹಗುರವಾದದ್ದು! ಆಯಿತವ್ವಾ!”

ಹೋದನು, ಎತ್ತಿದನು, ಆರಿಸಿದನು, ತಂದನು. ದೇಚವ್ವ ಗೋಣಿ ಬಿಚ್ಚಿದಳು; ಬಿಚ್ಚಿದ ಕೈ ಬಿಚ್ಚಿದಂತೆಯೇ ನಿಂತಿತು. ಒಳಗಿದ್ದುದು ಚೆನ್ನಾಗಿ ನುಣುಪು ಮಾಡಿದ, ಕೋವಿಯ ಮರದ ಹಿಡಿ ಮಾತ್ರ.

“ಅಯ್ಯೋ ಮಗನೇ! ನಳಿಗೆ ಎಲ್ಲೋ?”

“ನಳಿಗೆ ಕಬ್ಬಿಣದ್ದಲ್ಲವಾ ಅವ್ವಾ? ಅದೇ ಭಾರ! ಸಾಹೇಬರು, ‘ಇದಿನ್ನೂ ಕೋವಿ ಆಗಿಲ್ಲ ಮಾರಾಯ’ ಅಂದರು. ‘ಆದರೆ ಭಾರವಾಗ್ತದೆ, ಆಗುವುದು ಬೇಡ’ ಅಂದೆ!”

“ದಡ್ಡಾ! ಇದರಲ್ಲಿ ನಿನ್ನಪ್ಪ ತೆಂಗಿನಕಾಯಿ ಹೊಡೆಯುವುದೋ, ಸಾರು ಕದಡುವುದೋ? ಹಗುರವೊಂದಿದ್ದರೆ ಸಾಲದು, ತೋಳಿಗೆ ಹೊಂದಬೇಕು. ಅಪ್ಪನ ತೋಳಿನ ಅಳತೆ ತೆಗೆದು ಸಾಹೇಬರಿಗೆ ಕೊಡು, ಅವರೇ ಆರಿಸುತ್ತಾರೆ. ಆದರೆ ಅಪ್ಪನಿಗೆ ತಿಳಿಯಬಾರದು!”

“ಅಳತೆ ತೆಗೆಯಬೇಕು, ತಿಳಿಯಬಾರದು! ಆಯಿತವ್ವಾ!”

ಮಧ್ಯಾಹ್ನ ಉಂಡು ಉತ್ತಯ್ಯ ಚಾಪೆಯ ಮೇಲೆ ಕಣ್ಮುಚ್ಚಿದ್ದನು. ಮೊಣ್ಣಪ್ಪ ಹಗ್ಗ ಹಿಡಿದು ತೋಳನ್ನಳೆದನು, ತೋಳಿನಿಂದ ಭುಜವನ್ನಳೆದನು, ಅಳತೆ ಹೆಚ್ಚಾದರೆ ತಪ್ಪೇನೆಂದು ತಲೆಯಿಂದ ಕಾಲಿನವರೆಗೂ ಅಳೆದನು. ಹಗ್ಗದ ತುದಿ ಜಾರದಿರಲೆಂದು ಅಪ್ಪನ ಕಾಲಿನ ಎರಡು ಹೆಬ್ಬೆರಳನ್ನೂ ಸೇರಿಸಿ ಗಂಟು ಹಾಕಿದನು. ಸತ್ತವರಿಗಲ್ಲದೆ ಹಾಗೆ ಕಟ್ಟುವವರಿಲ್ಲ! ಉತ್ತಯ್ಯ ಕಣ್ಣು ತೆರೆದನು, ಕಾಲು ನೋಡಿದನು, ಮೈಮೇಲೆ ಹರಡಿದ್ದ ಹಗ್ಗ ನೋಡಿದನು.

“ಅಯ್ಯಯ್ಯೋ! ನಾನಿನ್ನೂ ಬದುಕಿದ್ದೇನಲ್ಲೋ!”

“ಬದುಕಿದ್ದೀರಿ ಅಪ್ಪಾ! ಅದಕ್ಕೇ ತಿಳಿಯದ ಹಾಗೆ ಅಳೆಯುತ್ತಿದ್ದೇನೆ!”

ಮುದುಕನ ಮುಖ ಬಿಳಿಚಿತು. “ನೋಡಿದೆಯಾ ದೇಚವ್ವಾ? ಕೋವಿ ಎತ್ತಲಾರದವನಿಗೆ ಮಗನೇ ಚಟ್ಟದ ಅಳತೆ ತೆಗೆಯುತ್ತಾನೆ” ಎಂದು ಮತ್ತೆ ಗೋಡೆಯ ಕಡೆ ತಿರುಗಿಕೊಂಡನು.

ದೇಚವ್ವ ಮಗನ ಕಿವಿ ಹಿಡಿದು ಹಿತ್ತಲಿಗೆ ಎಳೆದಳು.

“ಪಾಪಿ! ನಿನ್ನನ್ನು ಹೆತ್ತ ಹೊಟ್ಟೆಗೆ ಏನು ಹೇಳಲಿ! ಅಪ್ಪನನ್ನು ಮುಟ್ಟಬೇಡ. ಅಪ್ಪನಷ್ಟೇ ವಯಸ್ಸಾದವರನ್ನು, ಅಪ್ಪನಂಥದೇ ಮೈಕಟ್ಟಿನವರನ್ನು ಅಂಗಡಿಗೆ ಕರೆದುಕೊಂಡು ಹೋಗು. ಅವರ ಕೈಯಲ್ಲಿ ಎತ್ತಿಸಿ ನೋಡು. ನಡುಗದೆ ಎತ್ತಿದರೆ ಅದನ್ನೇ ತಾ! ನಳಿಗೆ ಇರಲಿ!”

“ನಳಿಗೆ ಇರಲಿ! ಆಯಿತವ್ವಾ!”

ಈ ಸಲ ಗೋಣಿ ಬಿಚ್ಚಿದ ದೇಚವ್ವನ ಕಣ್ಣುಗಳು ಅರಳಿದುವು. ಜೋಡುನಳಿಗೆಯ ಕೋವಿ! ತೆಳ್ಳನೆಯ ಕೋವಿ! ಆಕೆಯ ಒಂದೇ ಕೈಗೆ ಎದ್ದು ಬಂದ ಕೋವಿ! ಜೊತೆಗೆ ಗುಂಡಿನ ತೋಟೆಗಳ ಪೊಟ್ಟಣ!

“ಮಗನೇ! ಕೊನೆಗೂ ಮನುಷ್ಯನಾದೆಯಲ್ಲೋ! ಯಾರಿಂದ ಎತ್ತಿಸಿದೆ?”

“ಅಪ್ಪನಷ್ಟೇ ವಯಸ್ಸು, ಅಪ್ಪನಂಥದೇ ಮೈಕಟ್ಟು ಇನ್ನು ಯಾರದವ್ವಾ? ಕರುಂಬಯ್ಯ ಚಿಕ್ಕಪ್ಪನದು!”

ದೇಚವ್ವ ಕೋವಿಯನ್ನು ಮತ್ತೆ ಗೋಣಿಯೊಳಗೆ ತುರುಕಿದಳು.

“ಕರುಂಬಯ್ಯನಾ! ಯಾರಿಗೆಂದು ಹೇಳಿದೆಯಾ?”

“ಕೇಳಿದರು, ಹೇಳಿದೆ. ಅಪ್ಪನ ಕೈ ನಡುಗುವುದು ಹೇಳಿದೆ, ಗೋಡೆಯ ಕಡೆ ಮಲಗುವುದು ಹೇಳಿದೆ. ‘ಹೆಂಡತಿ ಕೊಡಿಸಿದ ಕೋವಿಯೋ! ನಗುವುದಕ್ಕೆ ಖಂಡಿತ ಬರುತ್ತೇನೆ’ ಅಂದರು!”

“ಹಾಳಾಯಿತು! ಇದ್ದ ಮಾನವನ್ನೂ ಪೇಟೆಯಲ್ಲಿ ಹರಡಿ ಬಂದೆಯಲ್ಲೋ! ಇನ್ನು ಮೇಲೆ ಈ ಕೋವಿಯ ಸುದ್ದಿಯನ್ನು ಯಾರೊಬ್ಬರಿಗೂ ಬಾಯಿಬಿಟ್ಟು ಹೇಳಕೂಡದು! ಹೇಳಿದರೆ ನನ್ನಾಣೆ!”

“ಬಾಯಿಬಿಟ್ಟು ಹೇಳಕೂಡದು! ಆಯಿತವ್ವಾ!”

ಹಬ್ಬದ ಬೆಳಗಾಯಿತು. ದೀಪದ ಮುಂದೆ ಹಳೆಯ ಕೋವಿಯ ಪಕ್ಕದಲ್ಲಿ ಹೊಸ ಕೋವಿ, ಅದರ ನಳಿಗೆಗೆ ಕೆಂಪು ಹಳದಿಯ ಕೋವಿಹೂ. ಉತ್ತಯ್ಯ ಕೈಮುಗಿಯಲು ಬಂದವನು ಬೆರಗಾಗಿ ನಿಂತನು. ಮೆಲ್ಲನೆ ಎತ್ತಿದನು. ಭುಜಕ್ಕೊರಗಿಸಿದನು. ಕೆನ್ನೆ ತಾಗಿಸಿದನು. ತೋಳು ನಡುಗಲಿಲ್ಲ.

“ಯಾರು ತಂದದ್ದಿದು?”

“ನಿಮ್ಮ ಮಗ” ಎಂದಳು ದೇಚವ್ವ. “ಅಂದು ಹಗ್ಗ ಹಿಡಿದು ಅಳೆದದ್ದು ಇದಕ್ಕೇ. ಚಟ್ಟಕ್ಕಲ್ಲ.”

ಉತ್ತಯ್ಯ ಬಹುಕಾಲದ ಮೇಲೆ ನಕ್ಕನು. ಕೋವಿಯನ್ನು ದೀಪದ ಮುಂದಿರಿಸಿ, ಗಂಡಸರ ಹಬ್ಬದ ನಿಲುವಂಗಿಯಾದ ಕಪ್ಪು ಕುಪ್ಪಸ ತೊಡಲು ಒಳಕೋಣೆಗೆ ಹೋದನು. ದೇಚವ್ವನ ಸಂತೋಷಕ್ಕೆ ಮೇರೆಯಿಲ್ಲ. “ಓಡು ಮೊಣ್ಣಾ! ಅಪ್ಪನೇ ಮೊದಲ ಗುಂಡು ಹೊಡೆಯುತ್ತಾರೆ, ಹೊಸ ಕೋವಿ ಬಂದಿದೆ, ಎಲ್ಲರೂ ಬನ್ನಿ ಎಂದು ನೆಂಟರಿಗೆ ತಿಳಿಸು!” ಎಂದು ಅಡುಗೆಮನೆಗೆ ತಿರುಗಿದಳು.

ಮೊಣ್ಣಪ್ಪ ಯೋಚಿಸಿದನು. ತಿಳಿಸಬೇಕು, ಆದರೆ ಬಾಯಿಬಿಟ್ಟು ಹೇಳಕೂಡದು, ಅವ್ವನ ಆಣೆಯಿದೆ! ಹಾಗಾದರೆ ಕೋವಿಯ ಸುದ್ದಿಯನ್ನು ಕೋವಿಯೇ ಹೇಳಲಿ! ತೋಟೆ ತುಂಬಿದನು, ದಿಣ್ಣೆ ಹತ್ತಿದನು. ಇರುವುದು ಎರಡು ನಳಿಗೆ, ಒಂದಕ್ಕೇಕೆ ಬೇಸರವಾಗಬೇಕೆಂದು ಎರಡನ್ನೂ ಹಾರಿಸಿದನು. ಢಂ! ಢಂ! ಬಂದು ಕೋವಿಯನ್ನು ಇದ್ದಲ್ಲೇ ಇರಿಸಿದನು.

ಆ ಸೀಮೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವರು. ಸಾವಾದರೆ ಎರಡು. ಕೋವಿಗಳೆಲ್ಲ ದೀಪದ ಮುಂದೆ ಸುಮ್ಮನಿರುವ ಹೊತ್ತಿನಲ್ಲಿ, ಉತ್ತಯ್ಯನ ಮನೆಯ ದಿಣ್ಣೆಯಿಂದ ಎರಡು ಗುಂಡು!

ಬೆಟ್ಟದ ತುಂಬ ಒಲೆಗಳು ಆರಿದುವು. ಹಬ್ಬದ ಸೀರೆ ಕಳಚಿ ಬಿಳಿಯುಟ್ಟ ಹೆಂಗಸರು, ಬಿಳಿಯುಟ್ಟ ಗಂಡಸರು ಗದ್ದೆಬದುವಿನಲ್ಲಿ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ, ಬರಿಗಾಲಿನಲ್ಲಿ, ಎದೆ ಬಡಿದುಕೊಂಡು ಕರುಂಬಯ್ಯ!

“ಅಣ್ಣಾ! ಊರುಗೋಲು ಅಂದೆನಲ್ಲಾ! ಆ ಮಾತೇ ನಿಮ್ಮನ್ನು ತಿಂದಿತಲ್ಲಾ! ನನಗೆ ಮೊದಲ ಗುಂಡು ಬೇಡ ಅಣ್ಣಾ, ನೀವು ಬೇಕು!”

ಕಪ್ಪು ಕುಪ್ಪಸ ತೊಟ್ಟು, ನಡುವಿಗೆ ಕತ್ತಿ ಸಿಕ್ಕಿಸಿ, ಉತ್ತಯ್ಯ ಬಾಗಿಲಿಗೆ ಬಂದನು.

“ಯಾರು ಹೋದದ್ದು ಕರುಂಬಯ್ಯಾ?”

“ನೀವೇ ಅಣ್ಣಾ!”

“ನಾನೇ?”

ಕರುಂಬಯ್ಯ ತಲೆಯೆತ್ತಿದನು, ಬಾಯಿ ತೆರೆದನು, ಅಂಗಳದಲ್ಲಿ ದೊಪ್ಪನೆ ಕುಳಿತನು. ಹೆಂಗಸರು ಚೀರಿದರು. ಉತ್ತಯ್ಯ ದೀಪಕ್ಕೆ ಕೈಮುಗಿದನು. ಹೊಸ ಕೋವಿಗೆ ತೋಟೆ ತುಂಬಿದನು, ಮರದ ಬುಡದಲ್ಲಿ ನಿಂತನು, ಗುರಿಯಿಟ್ಟನು. ತೆಂಗಿನಕಾಯಿ ಚೂರುಚೂರಾಗಿ ಬಿಳಿಯುಟ್ಟವರ ತಲೆಯ ಮೇಲೆ ಉದುರಿತು. ಒಂದು ಚೂರನ್ನು ಕರುಂಬಯ್ಯನೇ ಆಯ್ದು ಅಣ್ಣನ ಕೈಯಲ್ಲಿಟ್ಟು, ಕಾಲು ಮುಟ್ಟಿದನು.

ಗದ್ದಲದ ನಡುವೆ ದೇಚವ್ವ ಮಗನನ್ನು ಹಿಡಿದಳು.

“ಕೊಲೆಗಡುಕಾ! ಬದುಕಿರುವ ಅಪ್ಪನನ್ನು ಊರಿಗೆಲ್ಲ ಸಾಯಿಸಿದೆಯಲ್ಲೋ! ಎರಡು ಗುಂಡು ಸಾವಿಗೆ, ಒಂದು ಗುಂಡು ಹುಟ್ಟಿಗೆ, ಇಷ್ಟೂ ಗೊತ್ತಿಲ್ಲವೇ? ಆಚೆ ಬೆಟ್ಟದವರು ಇನ್ನೂ ಅಳುತ್ತ ಬರುತ್ತಿರಬೇಕು. ಹೋಗು, ಸಾವಲ್ಲವೆಂದು ತಿಳಿಸು!”

“ಸಾವಲ್ಲವೆಂದು ತಿಳಿಸಬೇಕು! ಆಯಿತವ್ವಾ!”

ಹಳೆಯ ಕೋವಿ ಹೊತ್ತು ದಿಣ್ಣೆ ಹತ್ತಿದನು. ಢಂ! ಒಂದೇ ಗುಂಡು.

ಸ್ವಲ್ಪ ಹೊತ್ತಿನಲ್ಲಿ ಆಚೆ ಬೆಟ್ಟದ ಹೆಂಗಸರು ನಗುತ್ತ ಬಂದರು. ಬಿಳಿಸೀರೆಯ ಮೇಲೆ ಅವಸರದಲ್ಲಿ ಕೆಂಪು ವಸ್ತ್ರ ಹೊದ್ದಿದ್ದರು. ಮುಂದೆ ನಿಂತ ಹಣ್ಣು ಮುದುಕಿ ಬೋಜಕ್ಕನ ಕೈಯಲ್ಲಿ ಹರಳುಗಿಡದ ಕಡ್ಡಿಯ ಒಂದು ಪುಟ್ಟ ಬಿಲ್ಲಿತ್ತು. ಹುಟ್ಟಿದ ಗಂಡುಮಗುವಿನ ಮುಷ್ಟಿಗೆ ಅಂಥ ಬಿಲ್ಲು ಕೊಡುವುದು ಅಲ್ಲಿಯ ವಾಡಿಕೆ.

“ದೇಚೂ! ಹೆತ್ತವಳು ಎದ್ದು ಓಡಾಡುತ್ತೀಯಲ್ಲೇ! ಈ ವಯಸ್ಸಿನಲ್ಲಿ! ಉತ್ತಯ್ಯ ಸಾಯುತ್ತ ಸಾಯುತ್ತ ಇದೊಂದು ಕೆಲಸ ಮಾಡಿ ಹೋದನೇ! ಎಲ್ಲಿ ಮಗು?”

ನರೆತ ತಲೆಯ ದೇಚವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಉತ್ತಯ್ಯ ಕೋವಿ ಹಿಡಿದು ಕಂಬದಂತೆ ನಿಂತನು.

“ಅವ್ವನಿಗೆ ಇರುವ ಗಂಡುಮಗು ನಾನೊಬ್ಬನೇ ಅಜ್ಜೀ” ಎಂದು ಮೊಣ್ಣಪ್ಪ ಕೈಚಾಚಿದನು. ಮುದುಕಿಗೆ ಕಣ್ಣು ಮಂಜು. ಚಾಚಿದ ಕೈಯಲ್ಲಿ ಬಿಲ್ಲನ್ನಿಟ್ಟಳು. ಮೊಣ್ಣಪ್ಪ ಅದನ್ನು ಎತ್ತಿ ನೋಡಿದನು. ಇನ್ನೊಮ್ಮೆ ಎತ್ತಿ ನೋಡಿದನು. ಅವನ ಮುಖ ಬೆಳಗಿತು. ಅಪ್ಪನ ಕೈಯಿಂದ ಹೊಸ ಕೋವಿಯನ್ನು ಕಿತ್ತು ಬೋಜಕ್ಕನ ತೋಳಿಗೆ ಒಪ್ಪಿಸಿದನು. ಆ ಪುಟ್ಟ ಬಿಲ್ಲನ್ನು ಅಪ್ಪನ ಮುಷ್ಟಿಯಲ್ಲಿಟ್ಟು ಬೆರಳು ಮಡಿಸಿದನು.

“ಅವ್ವಾ! ಎಲ್ಲಕ್ಕಿಂತ ಹಗುರವಾದದ್ದು ಸಿಕ್ಕಿತು!”