ಅಗಲಗಲ್ಲದ ಮನೆಯ ಮುಂದಾಳು

ಅಮೆರಿಕದ ಉತ್ತರದಲ್ಲಿ ಒಂದು ದೊಡ್ಡ ಸರೋವರ. ಅದರ ದಡದಲ್ಲಿ ಹೆಬ್ಬಾತುಗಳ ಒಂದು ಹಿಂಡು ವಾಸವಾಗಿತ್ತು. ಬೂದು ಮೈ, ಕಪ್ಪು ಕತ್ತು, ಗಲ್ಲದ ಮೇಲೆ ಒಂದು ಬಿಳಿ ಮಚ್ಚೆ. ಚಳಿಗಾಲದಲ್ಲಿ ಆ ದಡವೆಲ್ಲ ಹೆಪ್ಪುಗಟ್ಟುತ್ತದೆ. ಅದಕ್ಕೆ ಮೊದಲೇ ಹಿಂಡು ಸರೋವರ ದಾಟಿ ದಕ್ಷಿಣದ ಬೆಚ್ಚನೆಯ ಬಯಲಿಗೆ ಹೋಗಬೇಕು.

ಮಕ್ಕಳೇ, ಹೆಬ್ಬಾತುಗಳು ಹಾರುವುದನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಬಾಣದ ಮೊನೆಯ ಹಾಗೆ ಸಾಲುಗಟ್ಟುತ್ತವೆ. ಮೊನೆಯಲ್ಲಿರುವ ಹಕ್ಕಿ ಗಾಳಿಯನ್ನು ಸೀಳುತ್ತದೆ. ಅದರ ರೆಕ್ಕೆಯಿಂದ ಏಳುವ ಗಾಳಿ ಹಿಂದಿನ ಹಕ್ಕಿಯನ್ನು ತುಸು ಎತ್ತಿ ಹಿಡಿಯುತ್ತದೆ. ಹಾಗಾಗಿ ಹಿಂದಿರುವವರಿಗೆ ಹಾರಾಟ ಹಗುರ, ಮುಂದಿರುವವರಿಗೆ ಭಾರ. ಎಲ್ಲರಿಗಿಂತ ಹಿಂದೆ, ಸಾಲಿನ ತುದಿಯಲ್ಲಿ ಹಾರುವವರನ್ನು ಮಾತ್ರ ಅಡ್ಡಗಾಳಿ ಆಚೆ ತಳ್ಳುತ್ತಿರುತ್ತದೆ.

ಮೊನೆಯಲ್ಲಿ ಹಾರುವವರಿಗೆ ಮುಂದಾಳು ಎಂದು ಹೆಸರು. ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಮುಂದಾಳಿನ ಆಯ್ಕೆ ನಡೆಯುತ್ತಿತ್ತು. ಉಮೇದುವಾರರು ಮರಳುದಿಣ್ಣೆ ಹತ್ತಿ ನಿಲ್ಲುವರು. ಉಳಿದವರು ತಮಗೆ ಬೇಕಾದವರ ಹಿಂದೆ ಹೋಗಿ ನಿಲ್ಲುವರು. ಯಾರ ಹಿಂದೆ ಹೆಚ್ಚು ಮಂದಿಯೋ ಅವರೇ ಮುಂದಾಳು.

"ಕಡಲಾಚೆಯ ಕೊಳಗಳಲ್ಲಿ ಹಂಸಗಳು ರಾಜರಂತೆ," ಎಂದು ಸೊಟ್ಟಕೊಕ್ಕಿನ ಮಾವ ಮರಿಗಳಿಗೆ ಹೇಳುತ್ತಿದ್ದ. "ಅಪ್ಪ ಸತ್ತರೆ ಮಗ ರಾಜ, ಮಗ ಸತ್ತರೆ ಮೊಮ್ಮಗ. ಎಂಥ ಪೆದ್ದುತನ! ನಮ್ಮಲ್ಲಿ ಹಾಗಿಲ್ಲಪ್ಪ. ಇಲ್ಲಿ ಯಾರು ಬೇಕಾದರೂ ದಿಣ್ಣೆ ಹತ್ತಬಹುದು."

ಅದು ನಿಜ. ಯಾರು ಬೇಕಾದರೂ ಹತ್ತಬಹುದಿತ್ತು. ಗೆಲ್ಲುತ್ತಿದ್ದವರು ಮಾತ್ರ ಅಗಲಗಲ್ಲದ ಮನೆಯವರು.

ಆ ಮನೆಯವರ ಬಿಳಿ ಮಚ್ಚೆ ಕಣ್ಣಿನ ತನಕ ಅಗಲವಾಗಿತ್ತು. ಹಿಂದೊಮ್ಮೆ ಹಿಮಗಾಳಿಯಲ್ಲಿ ಹಿಂಡು ದಾರಿ ತಪ್ಪಿದಾಗ ಆ ಮನೆಯ ಅಜ್ಜಿ ನೀರಿಗೆ ತೀರ ಹತ್ತಿರ ಹಾರಿ, ದಾರಿ ಹುಡುಕಿ, ಎಲ್ಲರನ್ನೂ ದಡ ಸೇರಿಸಿದ್ದಳು. ಹಿಂಡು ಅದನ್ನು ಮರೆಯಲಿಲ್ಲ. ಅಜ್ಜಿಯ ನಂತರ ಅವಳ ಮಗಳು ಬೆಳ್ಳಕ್ಕ ಮುಂದಾಳಾದಳು. ಬೆಳ್ಳಕ್ಕನ ತಮ್ಮ ಕಾವಲಿನ ಮುಖ್ಯಸ್ಥನಾದ. ಚಿಕ್ಕಮ್ಮ ಸಭೆಯ ಹಿರಿಯಳಾದಳು. ಎಲ್ಲರೂ ಆಯ್ಕೆಯಾಗಿ ಬಂದವರೇ!

ಈ ವರ್ಷ ಬೆಳ್ಳಕ್ಕನ ರೆಕ್ಕೆಯ ಕೀಲು ಹಿಡಿದುಕೊಂಡಿತ್ತು. ಅವಳ ಮಗ, ಮೆಲ್ಲ ಎಂಬವನು, ದಿಣ್ಣೆ ಹತ್ತಲಿ ಎಂದು ಮನೆಯವರೆಲ್ಲ ತೀರ್ಮಾನಿಸಿದರು.

ಮೆಲ್ಲ ಒಳ್ಳೆಯವನು. ಎಳೆ ಹುಲ್ಲನ್ನು ಮರಿಗಳಿಗೆ ಬಿಟ್ಟುಕೊಟ್ಟು ಬಲಿತದ್ದನ್ನು ತಾನು ತಿನ್ನುವವನು. ಆದರೆ ಅವನು ಇದುವರೆಗೆ ಹಾರಿದ್ದು ಒಂದೇ ಜಾಗದಲ್ಲಿ, ಅಮ್ಮನ ರೆಕ್ಕೆಯ ಹಿಂದೆ. ಎದುರುಗಾಳಿ ಅವನ ಎದೆಗೆ ಒಮ್ಮೆಯೂ ಬಡಿದಿರಲಿಲ್ಲ.

"ಅಮ್ಮ, ನನಗೆ ಭಯವಾಗುತ್ತದೆ," ಎಂದ ಮೆಲ್ಲ.

"ಮೊದಲ ಸಲ ನನಗೂ ಆಗಿತ್ತು, ಕಂದ."

"ಅಜ್ಜಿ ನಿನ್ನನ್ನು ಸಾಲಿನ ತುದಿಯಲ್ಲಿ ಹಾರಿಸಿ ಕಲಿಸಿದ್ದಳಂತೆ. ನೀನು ನನ್ನನ್ನು ಪಕ್ಕದಿಂದ ಬಿಡಲೇ ಇಲ್ಲ."

"ಅಲ್ಲಿ ಗಾಳಿ ಜೋರು. ನನಗೆ ಮನಸ್ಸು ಬರಲಿಲ್ಲ," ಎಂದು ಬೆಳ್ಳಕ್ಕ ಅವನ ಕತ್ತಿನ ಗರಿ ನೇವರಿಸಿದಳು.

ಆಯ್ಕೆಯ ದಿನ ಮೆಲ್ಲನ ಜೊತೆ ಇನ್ನೊಬ್ಬಳು ದಿಣ್ಣೆ ಹತ್ತಿದಳು. ಅವಳು ಜೊಂಡಿ, ಕೆಸರುಮೂಲೆಯವಳು. ಮಾತು ಸ್ವಲ್ಪ ಒರಟು.

"ನೀನು ಯಾರ ಮಗಳಮ್ಮ?" ಎಂದು ಸೊಟ್ಟಕೊಕ್ಕಿನ ಮಾವ ಕೇಳಿದ.

"ನಮ್ಮಮ್ಮನ ಮಗಳು."

ಎಲ್ಲರೂ ಕೊಕ್ಕು ಬಿಟ್ಟು ನಕ್ಕರು.

"ಹಾಗಲ್ಲ, ನಿಮ್ಮ ಮನೆಯ ಹೆಸರು ಎಲ್ಲೂ ಕೇಳಿದ ಹಾಗಿಲ್ಲವಲ್ಲ?"

"ಕೇಳುವುದು ಯಾಕೆ ಮಾವ, ನೋಡಿಬಿಡಿ. ಇಬ್ಬರನ್ನೂ ಗಾಳಿಗೆ ಎದುರಾಗಿ ಒಂದು ಸುತ್ತು ಹಾರಿಸಿ."

"ಏನು! ಅಗಲಗಲ್ಲದ ಮನೆಯವನಿಗೆ ಪರೀಕ್ಷೆಯೇ?" ಮಾವನಿಗೆ ಸಿಟ್ಟು ಬಂತು. "ಆ ಗಲ್ಲ ನೋಡೇ! ಥೇಟ್ ಅಜ್ಜಿಯದೇ. ಇನ್ನೇನು ನೋಡಬೇಕು?"

'ಹಾರಿಸಿಯೇ ನೋಡಿ' ಎಂದು ಮೆಲ್ಲನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕಾವಲಿನ ಸೋದರಮಾವ ಅವನ ಪಕ್ಕ ಬಂದು ನಿಂತ. ಸಭೆಯ ಚಿಕ್ಕಜ್ಜಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಮೆಲ್ಲ ಮಾತು ನುಂಗಿದ. ಹಿಂಡು ಗದ್ದಲ ಮಾಡುತ್ತ ಅವನ ಹಿಂದೆ ಸೇರಿತು. ಜೊಂಡಿಯ ಹಿಂದೆ ಕೆಸರುಮೂಲೆಯ ಕೆಲವರು ಮಾತ್ರ ಉಳಿದರು.

ಮರುದಿನ ಬೆಳಿಗ್ಗೆ ಹಿಂಡು ಹೊರಟಿತು. ಮೆಲ್ಲ ಮೊನೆಯಲ್ಲಿದ್ದ. ಜೊಂಡಿ ಸಾಲಿನ ತುದಿಯಲ್ಲಿದ್ದಳು.

ಸರೋವರದ ನಡುವೆ ಬಂದಾಗ ದಕ್ಷಿಣದಿಂದ ಗಾಳಿ ಎದ್ದಿತು. ಕೆಳಗೆ ಮರದೆತ್ತರದ ಅಲೆಗಳು. ಅಲ್ಲಿ ಇಳಿದರೆ ದೊಡ್ಡವರು ಹೇಗೋ ತೇಲಿಯಾರು, ಈ ವರ್ಷ ಹುಟ್ಟಿದ ಮರಿಗಳು ಉಳಿಯುವುದಿಲ್ಲ. ಮೆಲ್ಲ ಹಲ್ಲಿಲ್ಲದ ಕೊಕ್ಕು ಕಚ್ಚಿ ರೆಕ್ಕೆ ಬಡಿದ. ಎದೆ ಉರಿಯಿತು. ರೆಕ್ಕೆ ಕಲ್ಲಾಯಿತು. ಅವನು ಸ್ವಲ್ಪ ಸ್ವಲ್ಪವೇ ಕೆಳಗೆ ಜಾರತೊಡಗಿದ.

ಮುಂದಾಳು ಇಳಿದರೆ ಹಿಂಡೂ ಇಳಿಯಬೇಕು. ಅದೇ ರೂಢಿ. ಎಲ್ಲರೂ ಅವನ ಹಿಂದೆಯೇ ಕೆಳಗೆ ಬಂದರು.

"ಯಾಕೆ ಇಷ್ಟು ಕೆಳಗೆ?" ಎಂದು ಒಬ್ಬಳು ಕೇಳಿದಳು.

"ಸುಮ್ಮನಿರು, ಅದು ತಂತ್ರ!" ಎಂದ ಸೊಟ್ಟಕೊಕ್ಕಿನ ಮಾವ. "ಅಜ್ಜಿಯೂ ಹೀಗೇ ನೀರು ಮುಟ್ಟುವ ಹಾಗೆ ಹಾರಿದ್ದಳು. ರಕ್ತದಲ್ಲೇ ಇದೆ!"

"ಹೌದಲ್ಲವೇ! ಎಷ್ಟು ಚೆನ್ನಾಗಿ ಇಳಿಯುತ್ತಿದ್ದಾನೆ!"

ಬೆಳ್ಳಕ್ಕ ಮಾತ್ರ ಮಗನ ರೆಕ್ಕೆಯ ತುದಿಯನ್ನೇ ನೋಡುತ್ತಿದ್ದಳು. ಅದು ನಡುಗುತ್ತಿತ್ತು. ಕೂಗಿದರೆ ಮನೆಯ ಹೆಸರು ಹೋಗುತ್ತದೆ. ಕೂಗದಿದ್ದರೆ?

ಒಂದು ಅಲೆ ಎದ್ದು ಸಾಲಿನ ಪುಟ್ಟ ಮರಿಯೊಂದನ್ನು ತೋಯಿಸಿತು. ಮರಿ ಚೀರಿತು. ಮೆಲ್ಲ ತಿರುಗಿ ನೋಡಿದ. ಅದರ ಕಣ್ಣಲ್ಲಿ ಅವನ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಇದು ತಂತ್ರವಲ್ಲ!" ಎಂದು ಕೂಗಿದ. "ನಾನು ಅಜ್ಜಿಯಲ್ಲ! ನಾನು ಬೀಳುತ್ತಿದ್ದೇನೆ. ಯಾರಾದರೂ ಮುಂದೆ ಬನ್ನಿ!"

ಯಾರೂ ಅಲುಗಲಿಲ್ಲ. ನಡು ಹಾರಾಟದಲ್ಲಿ ಮುಂದಾಳು ಬದಲಾದದ್ದನ್ನು ಅವರು ಕಂಡೇ ಇರಲಿಲ್ಲ.

ಆಗ ಬೆಳ್ಳಕ್ಕ ಕತ್ತು ಚಾಚಿ ಕೂಗಿದಳು. "ಜೊಂಡಿ! ತಾಯಿ, ಮುಂದೆ ಹೋಗಮ್ಮ! ನನ್ನ ಮಗನನ್ನು ಉಳಿಸು. ಎಲ್ಲರನ್ನೂ ಉಳಿಸು!"

ಜೊಂಡಿ ತುದಿಯಿಂದ ನುಗ್ಗಿ ಬಂದಳು. ಮೆಲ್ಲನನ್ನು ದಾಟುವಾಗ ಅವಳು ಅಣಕಿಸಲಿಲ್ಲ. "ನನ್ನ ಬಲರೆಕ್ಕೆಯ ಹಿಂದೆ ಸೇರಿಕೊ. ಕೆಳಗೆ ನೋಡಬೇಡ. ನನ್ನ ಬಾಲ ನೋಡು," ಎಂದಳು.

ಸಾಲು ನಿಧಾನವಾಗಿ ಮೇಲೆದ್ದಿತು.

ಸ್ವಲ್ಪ ದೂರ ಹೋದ ಮೇಲೆ ಜೊಂಡಿಯೂ ಏದುಸಿರು ಬಿಟ್ಟಳು. ಆದರೆ ಅವಳು ಅದನ್ನು ಮುಚ್ಚಿಡಲಿಲ್ಲ. "ನನಗೂ ಸಾಕಾಯಿತು! ಇನ್ನೊಬ್ಬರು ಬನ್ನಿ. ಮಾವ, ನೀವೇ ಬನ್ನಿ!"

"ನಾನೇ? ಅಯ್ಯೋ, ನಮ್ಮ ವಂಶದಲ್ಲೇ ಯಾರೂ..." ಎನ್ನುತ್ತಲೇ ಸೊಟ್ಟಕೊಕ್ಕಿನ ಮಾವ ಮುಂದೆ ಬಂದ. ಬೈದುಕೊಳ್ಳುತ್ತ ಹಾರಿದ, ಚೆನ್ನಾಗಿಯೇ ಹಾರಿದ. ಅವನ ನಂತರ ಮತ್ತೊಬ್ಬಳು. ಹೀಗೆ ಸರದಿಯಲ್ಲಿ ಹಾರಿ, ಸಂಜೆಗೆ ಎಲ್ಲರೂ ದಕ್ಷಿಣದ ದಡ ಮುಟ್ಟಿದರು. ಒಂದು ಮರಿಯೂ ತಪ್ಪಿಹೋಗಿರಲಿಲ್ಲ.

ದಡದಲ್ಲಿ ಗರಿ ಕೊಡವಿಕೊಂಡ ಮಾವನಿಗೆ ಉತ್ಸಾಹ ಉಕ್ಕಿತು. "ಕೇಳಿ! ಇನ್ನು ಮೇಲೆ ನಮಗೆ ಜೊಂಡಿಯ ಮನೆಯೇ ಸರಿ. ಜೊಂಡಿಯ ನಂತರ ಅವಳ ಮಗಳು, ಮಗಳ ನಂತರ ಅವಳ..."

"ಮಾವ, ನಾನಿನ್ನೂ ಮೊಟ್ಟೆಯನ್ನೇ ಇಟ್ಟಿಲ್ಲ!" ಎಂದಳು ಜೊಂಡಿ.

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮಾವನೂ ನಕ್ಕ. ನಕ್ಕ ಮೇಲೆ ಎಲ್ಲರೂ ಸೇರಿ ಒಂದು ಮಾತಿಗೆ ಬಂದರು: ಮುಂದಾಳಾಗಬೇಕೆನ್ನುವವರು ಯಾರ ಮಕ್ಕಳಾದರೂ ಸರಿ, ಮೊದಲು ಗಾಳಿಗೆ ಎದುರಾಗಿ ಹಾರಿ ತೋರಿಸಬೇಕು. ದಣಿದಾಗ ದಣಿದೆ ಎನ್ನಬೇಕು.

ಮೆಲ್ಲ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ. ಬೆಳ್ಳಕ್ಕ ಹೋಗಿ ಅವನಿಗೆ ಒರಗಿ ಕುಳಿತಳು.

"ಮನೆಯ ಹೆಸರು ಕಳೆದೆ, ಅಮ್ಮ."

"ಇಲ್ಲ ಕಂದ. ನೀನು ಕೂಗಿದ್ದಕ್ಕೆ ಇಷ್ಟು ಮರಿಗಳು ಇಲ್ಲಿ ಹುಲ್ಲು ಮೇಯುತ್ತಿವೆ. ನೀನು ಕೂಗುವ ಮೊದಲೇ ನಿನ್ನ ರೆಕ್ಕೆ ನಡುಗುವುದನ್ನು ನಾನು ಕಂಡಿದ್ದೆ. ಬಾಯಿ ಬಿಡಲಿಲ್ಲ."

ಮೆಲ್ಲ ರೆಕ್ಕೆ ಕೊಡವಿ ಎದ್ದ. "ನಾಳೆ ನಾನು ಸಾಲಿನ ತುದಿಯಲ್ಲಿ ಹಾರುತ್ತೇನೆ."

"ನಾನೂ ಪಕ್ಕದಲ್ಲಿ..." ಎಂದು ಬೆಳ್ಳಕ್ಕ ಶುರುಮಾಡಿದಳು. ಮಗನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. "ಆಗಲಿ. ಹೋಗಿ ಬಾ."

ಮರುದಿನ ಬಯಲಿನ ಕಡೆಗೆ ಹಾರುವಾಗ ಗಾಳಿ ಮೆಲ್ಲನನ್ನು ಸಾಲಿನಿಂದ ಆಚೆ ತಳ್ಳಿತು. ಅವನು ತಡವರಿಸಿದ, ರೆಕ್ಕೆ ಬಡಿದ, ಮತ್ತೆ ಸಾಲಿಗೆ ಬಂದ. ಇನ್ನೊಮ್ಮೆ ತಳ್ಳಿತು, ಇನ್ನೊಮ್ಮೆ ಬಂದ. ಸಾಲಿನ ನಡುವೆ ಹಾರುತ್ತಿದ್ದ ಅವನ ಅಮ್ಮ ಎಲ್ಲವನ್ನೂ ಓರೆಗಣ್ಣಿನಲ್ಲಿ ನೋಡಿದಳು. ಆದರೂ ಅವಳು ತನ್ನ ಜಾಗ ಬಿಟ್ಟು ಹೋಗಲಿಲ್ಲ.

ನೀತಿ: ಹಿರಿಯರಿಂದ ಹೆಸರು ಬರಬಹುದು, ರೆಕ್ಕೆಯ ಬಲ ಬರುವುದಿಲ್ಲ; ಆದ್ದರಿಂದ ನಾಯಕರನ್ನು ಆರಿಸುವಾಗ ಮನೆತನವನ್ನಲ್ಲ, ಹಾರಾಟವನ್ನು ನೋಡಿ.