ಉಳಿದದ್ದು ಉಗ್ರಾಣಿಗೆ

ಎಳ್ಳುಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಯುದ್ಧಕ್ಕೆ ಹೆದರುತ್ತಿರಲಿಲ್ಲ, ಬೀಗರಿಗೆ ಹೆದರುತ್ತಿದ್ದ. ಬುದ್ಧಿವಂತನೇ ಅನ್ನಿ.

ಅಲ್ಲೊಂದು ಪದ್ಧತಿ. ಅರಮನೆಯ ಮದುವೆಯಲ್ಲಿ ಎಂಬತ್ತನಾಲ್ಕು ಉಂಡೆ, ಅರವತ್ತು ಚಕ್ಕುಲಿ ಮಾಡಿ ಬುಟ್ಟಿ ತುಂಬಿ ಬೀಗರಿಗೆ ಕೊಡಬೇಕು. ಬುಟ್ಟಿ ಹೆಚ್ಚಿದಷ್ಟೂ ಮರ್ಯಾದೆ. ಎಲ್ಲ ಬುಟ್ಟಿಯೂ ಒಂದೇ ಸಮ ಇರಬೇಕು. ಒಂದರಲ್ಲಿ ಒಂದು ಚಕ್ಕುಲಿ ಹೆಚ್ಚಾದರೂ ಬೀಗರು ಮೂರು ತಲೆಮಾರು ಮಾತು ಬಿಡುತ್ತಿದ್ದರು. ಸಮ ಹಂಚಿ ಉಳಿದದ್ದು ಉಗ್ರಾಣಿಗೆ.

ಉಗ್ರಾಣಿ ಡೊಳ್ಳಯ್ಯ ಪದ್ಧತಿಗಳನ್ನು ಗೌರವಿಸುವವನು. ಈ ಪದ್ಧತಿಯನ್ನಂತೂ ಭಕ್ತಿಯಿಂದ.

ರಾಜನ ದೊಡ್ಡ ಮಗಳ ಮದುವೆ ಬಂತು. "ಬುದ್ಧಿ, ಮೂವತ್ತೊಂದು ಬುಟ್ಟಿ ಮಾಡೋಣ!" ಅಂದ ಡೊಳ್ಳಯ್ಯ. ರಾಜ ಹಿಗ್ಗಿದ. ಬುಟ್ಟಿಗೆ ಎರಡು ಉಂಡೆ, ಒಂದು ಚಕ್ಕುಲಿ. ಮಿಕ್ಕ ಐವತ್ತೊಂದು ತಿಂಡಿ ಡೊಳ್ಳಯ್ಯನ ಮನೆಗೆ. ಗಂಡನ ಮನೆಯಲ್ಲಿ ಮಗಳಿಗೆ ಹೆಸರು ಬಿತ್ತು: ಒಂಟಿ ಚಕ್ಕುಲಿ.

ಎರಡನೆಯ ಮಗಳ ಮದುವೆ ಬಂತು. "ಬುದ್ಧಿ, ನಲವತ್ತಮೂರು ಬುಟ್ಟಿ!" ರಾಜ ಇನ್ನೂ ಹಿಗ್ಗಿದ. ಬುಟ್ಟಿಗೆ ಒಂದು ಉಂಡೆ, ಒಂದು ಚಕ್ಕುಲಿ. ಮಿಕ್ಕ ಐವತ್ತೆಂಟು ಎಲ್ಲಿಗೆ ಹೋಯಿತು ಅಂತ ನಿಮಗೆ ಗೊತ್ತು. ಆ ಮಗಳ ಹೆಸರು: ಒಂಟಿ ಉಂಡೆ.

ಮೂರನೆಯವಳು ಕೆಂಪಾಜಿ. ಅಕ್ಕಂದಿರ ಕಣ್ಣೀರು ನೋಡಿದ್ದಳು.

"ನಲವತ್ತಮೂರೇ ಇರಲಿ ಬುದ್ಧಿ, ಕೈಹಿಡಿದ ಸಂಖ್ಯೆ," ಅಂದ ಡೊಳ್ಳಯ್ಯ.

"ಯಾರ ಕೈ ಹಿಡಿಯಿತು, ಡೊಳ್ಳಯ್ಯನವರೇ? ಏನೂ ಉಳಿಯದ ಹಾಗೆ ಹಂಚಿ."

"ಆಗಲಿ ತಾಯಿ, ಎರಡೇ ಬುಟ್ಟಿ ಮಾಡ್ತೀನಿ. ತಿಂಡಿ ಉಳಿಯಲ್ಲ. ಮರ್ಯಾದೇನೂ ಉಳಿಯಲ್ಲ."

ರಾಜ ಬೆವರಿದ.

ಕೆಂಪಾಜಿ ಚಾಪೆ ಹಾಸಿದಳು. ಉಂಡೆ ಒಂದು ಸಾಲು, ಚಕ್ಕುಲಿ ಒಂದು ಸಾಲು. ಅರವತ್ತು ಚಕ್ಕುಲಿಯ ಎದುರು ಅರವತ್ತು ಉಂಡೆ ಕೂತವು. ಇಪ್ಪತ್ತನಾಲ್ಕು ಉಂಡೆ ಹೊರಗುಳಿದವು.

"ಎರಡು ಸಾಲನ್ನೂ ಸಮ ಹಂಚುವ ಸಂಖ್ಯೆ ಈ ಹೆಚ್ಚಿನದನ್ನೂ ಸಮ ಹಂಚಲೇಬೇಕಲ್ಲ, ಅಪ್ಪಾಜಿ?"

ರಾಜ ತಲೆಯಾಡಿಸಿದ. ಅರ್ಥವಾಗದಿದ್ದಾಗ ರಾಜರು ಹಾಗೇ ಮಾಡುವುದು.

ಅದೇ ಉಪಾಯ ಮುಂದುವರಿಸಿ, ಅರವತ್ತರಲ್ಲಿ ಇಪ್ಪತ್ತನಾಲ್ಕನ್ನು ಎರಡು ಸಲ ತೆಗೆದಳು. ಹನ್ನೆರಡು ಉಳಿಯಿತು. ಇಪ್ಪತ್ತನಾಲ್ಕರಲ್ಲಿ ಹನ್ನೆರಡನ್ನು ಎರಡು ಸಲ ತೆಗೆದಳು. ಏನೂ ಉಳಿಯಲಿಲ್ಲ.

"ಹನ್ನೆರಡು ಬುಟ್ಟಿ. ಬುಟ್ಟಿಗೆ ಏಳು ಉಂಡೆ, ಐದು ಚಕ್ಕುಲಿ. ಇದಕ್ಕಿಂತ ಒಂದು ಬುಟ್ಟಿ ಹೆಚ್ಚಿಸಿದರೂ ಏನಾದರೂ ಮಿಕ್ಕೇ ಮಿಗುತ್ತೆ."

ಮದುವೆಯ ದಿನ ಬೀಗರು ಬುಟ್ಟಿ ಎತ್ತಲು ಎರಡೂ ಕೈ ಹಚ್ಚಿದರು. ಇನ್ನು ಮೂಗು ಮುರಿಯಲು ಕೈ ಎಲ್ಲಿ? ಗಂಡನ ಮನೆಯಲ್ಲಿ ಕೆಂಪಾಜಿಯನ್ನು ಕೆಂಪಾಜಿ ಅಂತಲೇ ಕರೆದರು.

ಡೊಳ್ಳಯ್ಯ ಕೈ ಹಿಸುಕುತ್ತ ನಿಂತ. "ಬುದ್ಧಿ, ಹಿರಿಯರ ಪದ್ಧತಿ ಮುರೀಬಾರದು. ನನ್ನ ಪಾಲು?"

"ಖಂಡಿತ. ಉಳಿದದ್ದು ನಿನಗೇ," ಅಂದ ರಾಜ, ಅಡುಗೆಮನೆಯತ್ತ ಕೈ ತೋರಿಸಿ. ಅಲ್ಲಿ ಉಳಿದದ್ದು ಜಿಡ್ಡು ಹಿಡಿದ ಮೂರು ಕಡಾಯಿ. ರಾಜ ದಯಾಳು, ತಿಕ್ಕಲು ಹುಣಸೆಹಣ್ಣು, ಬೂದಿ ಕೂಡ ಕೊಡಿಸಿದ.

ಕೆಂಪಾಜಿ ಹುಡುಕಿದ್ದಕ್ಕೆ ಶಾಲೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ ಮಕ್ಕಳೇ, ಅದೂ ಬೀಗರ ಹಾಗೆ, ಲೆಕ್ಕ ಸರಿಯಾದರೆ ಸುಮ್ಮನಾಗುತ್ತದೆ. ನೀತಿ ಇಷ್ಟು: ಹಂಚುವವನು ದೊಡ್ಡ ಸಂಖ್ಯೆ ಹೇಳಿ ಹಿಗ್ಗಿಸಿದರೆ, ಮಿಕ್ಕಿದ್ದು ಯಾರ ಮನೆಗೆ ಹೋಗುತ್ತದೆ ಅಂತ ಮೊದಲು ನೋಡಿ.