ತ್ರಿಕೋನ ದೀಪವೂ ತೂಗುದೀಪವೂ

ಹೊಸ ಮನೆಯೊಂದರ ನಡುಮನೆಯ ಗೋಡೆಗೆ ತ್ರಿಕೋನ ದೀಪವೊಂದನ್ನು ಹಾಕಿದರು. ಚಾವಣಿಯ ಗಾಜಿನ ತೂಗುದೀಪ ಅದನ್ನು ನೋಡಿ, “ಮೂರು ಗೆರೆ ಬಿಟ್ಟರೆ ನಿನ್ನಲ್ಲಿ ಏನಿದೆಯಯ್ಯಾ? ಬೇಗನೆ ನಿನ್ನನ್ನು ಕಿತ್ತುಹಾಕುತ್ತಾರೆ” ಎಂದಿತು.

ತ್ರಿಕೋನ ದೀಪಕ್ಕೆ ದಿಗಿಲಾಯಿತು. “ಬೆಳಕು ಕೊಡುವುದೊಂದೇ ನನಗೆ ಗೊತ್ತಿರುವುದು, ಅಣ್ಣಾ” ಎಂದಿತು.

ಸಂಜೆ ಮನೆಯ ಅಜ್ಜಿ ಪದ್ಮಾವತಮ್ಮ ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯಲು ಕೂತರು. ಏನು ಮಾಡಿದರೂ ಸೂಜಿಗೆ ದಾರ ಪೋಣಿಸಲಾಗಲಿಲ್ಲ. “ಸುಗುಣಾ, ಆ ದೊಡ್ಡ ದೀಪ ಆರಿಸಮ್ಮಾ, ಕಣ್ಣು ಕುಕ್ಕುತ್ತೆ” ಎಂದು ಸೊಸೆಗೆ ಹೇಳಿ, ಕುರ್ಚಿಯನ್ನು ಗೋಡೆಯ ಬಳಿಗೆ ಎಳೆದುಕೊಂಡರು. ತ್ರಿಕೋನ ದೀಪದ ಹಿತವಾದ ಬೆಳಕಿನಲ್ಲಿ ದಾರ ಸಲೀಸಾಗಿ ಸೂಜಿಯೊಳಗೆ ಹೋಯಿತು. ಅಜ್ಜಿಯ ಮುಖ ಅರಳಿದ್ದನ್ನು ಕಂಡು ದೀಪಕ್ಕೆ ತನ್ನ ದಿಗಿಲೇ ಮರೆತುಹೋಯಿತು.

ಆರಿಹೋಗಿದ್ದ ತೂಗುದೀಪ ಮೆಲ್ಲಗೆ, “ತಮ್ಮಾ, ಹೀಗೇ ಬೆಳಗುತ್ತಿರು. ಅವರು ಇನ್ನೂ ಗುಂಡಿ ಹೊಲಿಯಬೇಕು” ಎಂದಿತು.